ಗ್ರೆಚ್ಚೊದ ಹುಲ್ಲು, ನಮ್ಮ ತೊಗರಿ ಕಟ್ಟಿಗೆ



ಕ್ರಿಸ್ತಜಯಂತಿ ಸಮೀಪಿಸಿದಂತೆ ವಾಡಿ, ಶಹಾಬಾದಗಳ ಕೂಲಿ ಕುಟುಂಬಗಳಲ್ಲಿ ಚಿಂತೆಯೊಂದು ಮೂಡುವುದುಂಟು. ಮಕ್ಕಳಿಗೆ ಹೊಸ ಬಟ್ಟೆ, ಬಾಗಿಲಿಗೆ ನಕ್ಷತ್ರ, ಅಂಗಡಿಯ ಗೋದಲಿ, ಇವಕ್ಕೆಲ್ಲ ಹಣವೆಲ್ಲಿ? ಸಾಲಕ್ಕೆ ಕೈಚಾಚುವ ಮುನ್ನ ಗೋದಲಿಯ ಚರಿತ್ರೆಯನ್ನೊಮ್ಮೆ ನೆನೆಯಿರಿ.

1223ರಲ್ಲಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಬೆತ್ಲೆಹೇಮಿನ ಬಡತನವನ್ನು ಕಣ್ಣಾರೆ ಕಾಣಬಯಸಿದರು. ಹಬ್ಬಕ್ಕೆ ಸುಮಾರು 15 ದಿನ ಮೊದಲೇ ಸ್ಥಳೀಯ ಮಿತ್ರರೊಬ್ಬರಿಗೆ ಹೇಳಿ ಅವರು ಸಿದ್ಧಪಡಿಸಿದ್ದು ಇಷ್ಟೇ: ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ. ಜನರು ದೀವಟಿಗೆ ಹಿಡಿದು ಬಂದರು; ಆ ಗೋದಲಿಯ ಬಳಿಯೇ ಬಲಿಪೂಜೆ ನಡೆಯಿತು. ಸಂತರ ಚರಿತ್ರೆ ಬರೆದ ಚೆಲಾನೊದ ತೋಮಸರು ಇದನ್ನು ದಾಖಲಿಸಿದ್ದಾರೆ. ರೇಷ್ಮೆಯುಡುಗೆಯ ಬೊಂಬೆಗಳ ವೈಭವ ಬಂದದ್ದು ಬಹುಕಾಲದ ನಂತರ, 18ನೇ ಶತಮಾನದ ನೇಪಲ್ಸ್ ನಗರದಲ್ಲಿ. 2019ರ ಡಿಸೆಂಬರ್ 1ರಂದು ದಿವಂಗತ ಪೋಪ್ ಫ್ರಾನ್ಸಿಸರು ಅದೇ ಗ್ರೆಚ್ಚೊದಲ್ಲಿ ಪತ್ರವೊಂದಕ್ಕೆ ಸಹಿಹಾಕಿ, ಮನೆಮನೆಯ ಗೋದಲಿಯ ಸಂಪ್ರದಾಯವನ್ನು ಉಳಿಸಿಕೊಳ್ಳಲು ಪ್ರೋತ್ಸಾಹಿಸಿದರು.

ಡಿಸೆಂಬರೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಹೊಲಗಳಲ್ಲಿ ತೊಗರಿ ಕೊಯ್ಲಿನ ಕಾಲ. ತೊಗರಿ ಕಟ್ಟಿಗೆಯಿಂದ ಕೊಟ್ಟಿಗೆ ಕಟ್ಟಿರಿ. ಶಹಾಬಾದಿ ಕಲ್ಲಿನ ಒಡೆದ ಚೂರು ಅದಕ್ಕೆ ನೆಲವಾಗಲಿ. ಹತ್ತು ದಿನ ಮೊದಲೇ ತಟ್ಟೆಯಲ್ಲಿ ಜೋಳ ಮೊಳೆಸಿದರೆ ಹಸಿರು ಹುಲ್ಲು ಸಿದ್ಧ. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಎತ್ತು ಮಾಡುವುದನ್ನು ಕಂಡು ಬೆಳೆದ ನಮ್ಮ ಮಕ್ಕಳಿಗೆ ಕರಿಮಣ್ಣಿನ ಎತ್ತು, ಕುರಿ ಕಷ್ಟವೇ?

ಹಬ್ಬ ಒಂದು ದಿನದ್ದು. ಸಾಲದ ಬಡ್ಡಿ ವರ್ಷವಿಡೀ ಇರುವುದು. ಕಂದನನ್ನು ಮಲಗಿಸಲು ಮರಿಯಳಿಗೆ ದೊರೆತದ್ದೂ ದನ ಮೇಯುವ ಗೋದಲಿಯೇ ಅಲ್ಲವೇ?