ಬಡವರ ಚಿಕಿತ್ಸೆಯ ಗಂಟು: ಒಂದು ಇತಿಹಾಸ

ಬೀಳಗಿ ಸೀಮೆಯಲ್ಲಿ ಬೇನೆ ಬಿದ್ದ ಬಡ ಒಕ್ಕಲಿಗನು ದವಾಖಾನೆಯ ದಾರಿ ಹಿಡಿಯುವ ಮೊದಲು ಸಾವುಕಾರನ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಎತ್ತು, ಹೊಲ, ಕೊನೆಗೆ ಮನೆಯಾಕೆಯ ತಾಳಿ ಒತ್ತೆಗೆ ಬೀಳುತ್ತಿದ್ದವು. ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡವರಿಗಂತೂ ಒತ್ತೆಯಿಡುವ ಆ ಆಸರೆಯೂ ಇಲ್ಲವಾಯಿತು.

ಹಣ ಕೊಡಲಾರದ ಕಾರಣದಿಂದ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ಸರ್ ಜೋಸೆಫ್ ಭೋರ್ ಅವರ ಸಮಿತಿಯು 1946ರಲ್ಲಿಯೇ ಹೇಳಿತ್ತು. ಬೀಳಗಿಯು ಆಗಿನ್ನೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಂವಿಧಾನದ 47ನೆಯ ವಿಧಿಯು ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲಿ ಎಣಿಸಿತು. ಆದರೂ 1992ರಲ್ಲಿ ರೈಲಿನಿಂದ ಬಿದ್ದ ಒಬ್ಬ ಕೂಲಿಕಾರನನ್ನು ಕಲಕತ್ತೆಯ ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ಹಿಂದಿರುಗಿಸಿದವು. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ತುರ್ತು ಚಿಕಿತ್ಸೆಯ ವಿಷಯದಲ್ಲಿ ಹಣದ ಕೊರತೆಯೆಂಬ ನೆಪವು ಸರಕಾರಕ್ಕೆ ಸಲ್ಲದೆಂದು ತೀರ್ಪಿತ್ತಿತು. ಧರ್ಮಭಗಿನಿಯರ ಔಷಧಾಲಯಗಳಲ್ಲಿ ಉಪಕಾರವಾಗಿ ದೊರೆಯುತ್ತಿದ್ದುದನ್ನು ಹಕ್ಕೆಂದು ಕೇಳಲು ಬಡವನಿಗೆ ಅಂದು ಆಧಾರ ಸಿಕ್ಕಿತೆಂದು ನಾನು ತಿಳಿಯುತ್ತೇನೆ.

ನಮ್ಮ ನಾಡಿನಲ್ಲಿ ಇದಕ್ಕೆ ದಾರಿ ತೋರಿದ್ದು ಸಹಕಾರ ಸಂಘಗಳು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಬಿತ್ತಿದ ಸಹಕಾರದ ಬೀಜವು ಹಳ್ಳಿಹಳ್ಳಿಗೂ ಹಬ್ಬಿತ್ತು. ಆ ಸಂಘಗಳ ಮೂಲಕವೇ, ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಸಲಹೆಯಂತೆ, ಯಶಸ್ವಿನಿ ಯೋಜನೆಯು 2003ರ ಜೂನ್ ತಿಂಗಳಿನಿಂದ ಜಾರಿಗೆ ಬಂದಿತು. ಆಗ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದರು. ಸದಸ್ಯನ ವಂತಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸರಕಾರವೂ ತನ್ನ ಪಾಲನ್ನು ಕೂಡಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನರು ಸೇರಿದರು. ಆದರೆ 2005ರಲ್ಲಿ ವಂತಿಗೆಯು 120 ರೂಪಾಯಿಗೆ ಏರಿದಾಗ ಸದಸ್ಯರು ಲಕ್ಷಗಟ್ಟಲೆ ಕಡಿಮೆಯಾದರು. ಪಟ್ಟಣದವರಿಗೆ ಚಹಾದ ಖರ್ಚೆನಿಸುವ ಆ 60 ರೂಪಾಯಿ ಒಕ್ಕಲಿಗನಿಗೆ ಎಷ್ಟು ಭಾರವೆಂಬುದನ್ನು ತಿಳಿಯಲು ಬೇರೆ ಲೆಕ್ಕ ಬೇಕಿಲ್ಲ.

2018ರಲ್ಲಿ ಯಶಸ್ವಿನಿಯನ್ನು 'ಆರೋಗ್ಯ ಕರ್ನಾಟಕ' ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ಅದೇ ವರ್ಷ ಆಯುಷ್ಮಾನ್ ಭಾರತವೂ ಅದರೊಡನೆ ಕೂಡಿತು. ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ದೊರೆಯುವಂತಾದುದು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಆ ರೇಖೆಯನ್ನು ಕೂದಲೆಳೆಯಷ್ಟು ದಾಟಿದ ಸಣ್ಣ ರೈತನಿಗೆ ಸರಕಾರವು ನಿಗದಿತ ದರದ ಶೇಕಡಾ 30ನ್ನು ಮಾತ್ರ ಕೊಡುವ ನಿಯಮವಾಯಿತು. ಉಳಿದ 70ಕ್ಕೆ ಆತನು ಮತ್ತೆ ಹಳೆಯ ಬಾಗಿಲನ್ನೇ ಬಡಿಯಬೇಕಾಯಿತು. ಒಂದು ಗಂಟನ್ನು ಇನ್ನೊಂದರೊಳಗೆ ಕಟ್ಟುವಾಗ ಇಂಥವರು ಜಾರಿಹೋಗುವುದನ್ನು ಕಡತಗಳು ಕಾಣುವುದಿಲ್ಲ.

ಸಹಕಾರಿಗಳ ಒತ್ತಾಯದ ಮೇರೆಗೆ ಯೋಜನೆಯನ್ನು 2022ರಲ್ಲಿ ಮರಳಿ ತರಲಾಯಿತು. 2023ರ ಜನವರಿಯಿಂದ ಚಿಕಿತ್ಸೆಯೂ ಆರಂಭವಾಯಿತು. ಗ್ರಾಮೀಣ ಕುಟುಂಬದ ನಾಲ್ವರಿಗೆ 500 ರೂಪಾಯಿ ವಂತಿಗೆಯಾದರೆ, ಪರಿಶಿಷ್ಟರ ವಂತಿಗೆಯನ್ನು ಸರಕಾರವೇ ಭರಿಸುವಂತಾಯಿತು. ನಡುವೆ ಕಳೆದ ನಾಲ್ಕೂವರೆ ವರ್ಷಗಳಲ್ಲಿ ಒತ್ತೆಬಿದ್ದ ಹೊಲಗಳ ಲೆಕ್ಕವನ್ನು ಮಾತ್ರ ಯಾರೂ ಬರೆದಿಡಲಿಲ್ಲ.