ಕುರಿಟಿಬಾದ ಬೀದಿ ಮತ್ತು ಮಕ್ಕಳ ಕುಂಚ

ಬ್ರೆಜಿಲ್ ದೇಶದ ಪಾಠವನ್ನು ನಾನು ಕಾಫಿ, ರಬ್ಬರು, ಅಮೆಜಾನ್ ನದಿಗಳಲ್ಲೇ ಮುಗಿಸಿಬಿಡುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅಂದು ಹೇಳದೆ ಉಳಿದ ಒಂದು ಊರಿನ ಕಥೆಯನ್ನು ಇಂದು ಬರೆಯುತ್ತಿದ್ದೇನೆ. ಅದು ಪರಾನಾ ರಾಜ್ಯದ ರಾಜಧಾನಿಯಾದ ಕುರಿಟಿಬಾ.

ಜನಸಂಖ್ಯೆ ಏರುತ್ತಿದ್ದ ಆ ಊರಿಗೆ 1966ರಲ್ಲಿ ಒಂದು ನಗರಯೋಜನೆ ಸಿದ್ಧವಾಯಿತು. ಊರು ಕೆಲವೇ ಮುಖ್ಯ ದಾರಿಗಳ ಗುಂಟ ಬೆಳೆಯಬೇಕು, ಎತ್ತರದ ಕಟ್ಟಡಗಳು ಅಲ್ಲಿಯೇ ಏಳಬೇಕು, ಬಸ್ಸುಗಳೂ ಅಲ್ಲಿಯೇ ಓಡಬೇಕು ಎಂಬುದು ಅದರ ಸಾರ. 1971ರಲ್ಲಿ ವಾಸ್ತುಶಿಲ್ಪಿ ಜೈಮಿ ಲೆರ್ನರ್ ಮೇಯರ್ ಆದರು. ಅದು ಸೈನಿಕ ಆಡಳಿತದ ಕಾಲ. ಅವರು ನೇಮಕಗೊಂಡವರೇ ಹೊರತು ಚುನಾಯಿತರಲ್ಲ ಎಂಬುದನ್ನೂ ಮರೆಯಬಾರದು.

1972ರ ಮೇ ತಿಂಗಳಲ್ಲಿ, ಕೇವಲ 72 ಗಂಟೆಗಳಲ್ಲಿ, ಪೇಟೆಯ ಪ್ರಮುಖ ಬೀದಿಯೊಂದರ ಭಾಗವನ್ನು ನಡೆಯುವವರಿಗಷ್ಟೇ ಮೀಸಲಾಗಿಸಲಾಯಿತು. ವ್ಯಾಪಾರಿಗಳು ಮೊದಲು ವಿರೋಧಿಸಿದರು. ಗಿರಾಕಿಗಳು ಹೆಚ್ಚಿದ ಮೇಲೆ, ಇನ್ನಷ್ಟು ದೂರ ವಿಸ್ತರಿಸಿರೆಂದು ಕೇಳಿಕೊಂಡರು. ಕಾರಿನವರು ನುಗ್ಗಿ ಬರುವ ಬೆದರಿಕೆ ಹಾಕಿದಾಗ ಮೇಯರ್ ಪೊಲೀಸರನ್ನು ಕರೆಯಲಿಲ್ಲ. ಬೀದಿಯುದ್ದಕ್ಕೂ ಕಾಗದದ ಸುರುಳಿ ಹಾಸಿ, ಚಿತ್ರ ಬರೆಯಲು ಮಕ್ಕಳನ್ನು ಕೂರಿಸಿದರು. ಕಾರುಗಳು ಹಿಂದಿರುಗಿದವು. ಮಕ್ಕಳೊಡನೆ ಬಾಳು ಸವೆಸಿದ ನನಗೆ ಈ ಪ್ರಸಂಗ ಬಹಳ ಪ್ರಿಯವಾದುದು.

1974ರಲ್ಲಿ ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಪಥ ಬಂದಿತು. 1991ರಲ್ಲಿ ಕೊಳವೆಯಾಕಾರದ ನಿಲ್ದಾಣಗಳು ಬಂದವು: ಟಿಕೆಟಿನ ಹಣ ಮೊದಲೇ ಕೊಟ್ಟು, ಮೆಟ್ಟಿಲು ಹತ್ತದೆ ನೇರವಾಗಿ ಬಸ್ಸು ಸೇರಬಹುದು. ಮೆಟ್ರೋ ರೈಲಿಗೆ ತಗಲುವ ಹಣದ ಸಣ್ಣ ಪಾಲಿನಲ್ಲಿ ಇದು ಸಾಧ್ಯವಾಯಿತು. ಇದೇ ಮಾದರಿ 2000ದಲ್ಲಿ ಕೊಲಂಬಿಯಾದ ಬೊಗೋಟಾಕ್ಕೆ, 2009ರಲ್ಲಿ ಅಹಮದಾಬಾದಿಗೆ, 2018ರಲ್ಲಿ ‘ಚಿಗರಿ’ ಎಂಬ ಹೆಸರಿನಿಂದ ನಮ್ಮ ಹುಬ್ಬಳ್ಳಿ–ಧಾರವಾಡಕ್ಕೂ ಬಂದಿತು. ನೌಕರಿಯ ದಿನಗಳಲ್ಲಿ ಅದೇ ದಾರಿಯ ಬಸ್ಸಿನ ಬಾಗಿಲಿಗೆ ಜೋತು ಓಡಾಡಿದವನು ನಾನು. ಈಗ ಮೊಣಕಾಲು ನೋವಿನ ಈ ಮುದುಕನು ಮೆಟ್ಟಿಲಿಲ್ಲದ ಬಸ್ಸಿಗೆ ಕಾಲಿಟ್ಟ ದಿನ, ದೂರದ ಕುರಿಟಿಬಾವನ್ನು ಮನಸ್ಸಿನಲ್ಲೇ ನೆನೆದೆನು.

ಆದರೆ ಬಸ್ಸಿನ ಪಥವೊಂದೇ ಊರನ್ನು ಉಳಿಸಲಾರದು. ಕುರಿಟಿಬಾ ಮೊದಲು ಜನರು ಎಲ್ಲಿ ವಾಸಿಸಬೇಕೆಂದು ಯೋಚಿಸಿತು. ಪಥವು ಆ ಯೋಚನೆಯೊಡನೆ ಹುಟ್ಟಿತು. ನಾವು ಅನುಕರಿಸುವಾಗ ಪಥವನ್ನು ತಂದು, ಯೋಚನೆಯನ್ನು ಅಲ್ಲಿಯೇ ಬಿಟ್ಟು ಬರುತ್ತೇವೆ. ಅಂಥ ಕುರಿಟಿಬಾದಲ್ಲಿಯೇ ಇಂದು ಕಾರುಗಳು ಬಹಳ ಹೆಚ್ಚಿವೆ. ಗಳಿಸಿದ ಬೀದಿಯನ್ನು ಪ್ರತಿ ತಲೆಮಾರೂ ಮತ್ತೆ ಗಳಿಸಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಎಂಜಿನಿಯರರು, ಅಧಿಕಾರಿಗಳು. ರಸ್ತೆಯ ನಕ್ಷೆಗೆ ಸಹಿ ಹಾಕುವ ಮುನ್ನ ಅವರು ಒಂದು ಕ್ಷಣ ಯೋಚಿಸಲಿ: ಈ ಬೀದಿಯಲ್ಲಿ ಒಂದು ಮಗು ಕುಳಿತು ಚಿತ್ರ ಬರೆಯಬಹುದೇ?