ಮನಸ್ಸು ಹೇಳಿದ್ದನ್ನು ಕೈಗೆ ಮುಟ್ಟಿಸುವ ಯಂತ್ರ

ಲಕ್ವ ಹೊಡೆದ ಕೈಯಲ್ಲಿ ಮೂಳೆ, ಸ್ನಾಯು ಮೊದಲಿಗೆ ನೆಟ್ಟಗೇ ಇರುತ್ತವೆ. ಕೆಟ್ಟಿರುವುದು ಆಜ್ಞೆ ಹೊರಡುವ ಜಾಗ, ಇಲ್ಲವೇ ಅದು ಇಳಿದು ಬರುವ ದಾರಿ. ರಕ್ತ ಸಿಗದೆ ಮಿದುಳಿನ ಒಂದು ಭಾಗ ಸತ್ತರೂ ಉಳಿದ ನರಕೋಶಗಳು ಹೊಸ ನಂಟು ಬೆಳೆಸಿಕೊಳ್ಳಬಲ್ಲವು. ಆದರೆ ಅದಕ್ಕೆ ಒಂದೇ ಚಲನೆಯನ್ನು ನೂರಾರು ಸಲ ಮಾಡಬೇಕು. ಫಿಸಿಯೊಥೆರಪಿಸ್ಟ್ ದಣಿಯುತ್ತಾರೆ, ಯಂತ್ರ ದಣಿಯುವುದಿಲ್ಲ. ರೋಬಾಟ್ ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಇಷ್ಟು ಸರಳ ಲೆಕ್ಕದ ಮೇಲೆ.

ಅಮೆರಿಕದ ಎಂಐಟಿಯಲ್ಲಿ ನೆವಿಲ್ ಹೋಗನ್ ಮತ್ತು ಹರ್ಮಾನೊ ಇಗೊ ಕ್ರೆಬ್ಸ್ 1989ರಲ್ಲಿ ‘ಎಂಐಟಿ-ಮೇನಸ್’ ಎಂಬ ರೋಬಾಟಿನ ಕೆಲಸಕ್ಕೆ ಕೈಹಾಕಿದರು. ಕಾರ್ಖಾನೆಯ ರೋಬಾಟ್ ಹಟಮಾರಿ. ಅಡ್ಡ ಬಂದ ಕೈಯನ್ನು ಮುರಿಯಲೂ ಹೇಸದು. ಇದು ಹಾಗಲ್ಲ, ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವ ಮೇಷ್ಟ್ರ ಹಾಗೆ. ರೋಗಿ ಹಿಡಿಕೆ ಹಿಡಿದು ಪರದೆಯ ಮೇಲಿನ ಗುರಿಯತ್ತ ಕೈ ಚಾಚುತ್ತಾನೆ, ತಡವರಿಸಿದರೆ ಯಂತ್ರ ಆಸರೆ ಕೊಡುತ್ತದೆ, ತಾನೇ ಮಾಡಿದರೆ ಸುಮ್ಮನೆ ಹಿಂದೆ ಸರಿಯುತ್ತದೆ. ಕಾಲಿಗೆ ಇಂಥದೇ ಏರ್ಪಾಡಾದ ‘ಲೋಕೋಮ್ಯಾಟ್’ ಸ್ವಿಟ್ಜರ್ಲೆಂಡಿನಿಂದ ಬಂತು.

ಉತ್ಸಾಹಕ್ಕೆ ತಣ್ಣೀರೂ ಬಿತ್ತು. ಅಮೆರಿಕದ 127 ಮಾಜಿ ಸೈನಿಕರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2010ರಲ್ಲಿ ಹೊರಬಿತ್ತು. ಹನ್ನೆರಡು ವಾರಗಳ ಕೊನೆಗೆ ರೋಬಾಟ್ ಗುಂಪು ಮಾಮೂಲಿ ಚಿಕಿತ್ಸೆಯ ಗುಂಪಿಗಿಂತ ಹೇಳಿಕೊಳ್ಳುವಷ್ಟು ಮುಂದಿರಲಿಲ್ಲ. 2019ರ ಬ್ರಿಟನ್ ಪ್ರಯೋಗ ಇನ್ನೂ ದೊಡ್ಡದು, 770 ರೋಗಿಗಳದು. ಅಲ್ಲಿಯೂ ಕೈಯ ಬಳಕೆ ಮಾಮೂಲಿ ಚಿಕಿತ್ಸೆಗಿಂತ ಸುಧಾರಿಸಲಿಲ್ಲ. ರೋಬಾಟ್ ಸೋತಿತೆಂದು ಷರಾ ಬರೆಯುವ ಮೊದಲು ಒಂದು ಮಾತು: ಅದೇ ಪ್ರಯೋಗದಲ್ಲಿ ಥೆರಪಿಸ್ಟರಿಂದಲೇ ಹೆಚ್ಚುವರಿ ಅಭ್ಯಾಸ ಪಡೆದವರದೂ ಇದೇ ಕಥೆ.

ಹಾಗಾದರೆ ಕೊರತೆ ಎಲ್ಲಿದೆ? ಯಂತ್ರ ಕೈಯಾಡಿಸುವಾಗ ರೋಗಿಯ ಮನಸ್ಸು ಬೇರೆಲ್ಲೋ ಇರಬಹುದು ಎಂಬ ಅನುಮಾನ ಹಳೆಯದೇ. ಅದಕ್ಕೆ ಉತ್ತರ ಬೇರೊಂದು ಓಣಿಯಲ್ಲಿ ಬೆಳೆಯುತ್ತಿತ್ತು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದ್ದ. 1973ರಲ್ಲಿ ಕ್ಯಾಲಿಫೋರ್ನಿಯಾದ ಜಾಕ್ ವಿಡಾಲ್ ಆ ಅಲೆಗಳಿಂದಲೇ ಕಂಪ್ಯೂಟರಿಗೆ ಆಜ್ಞೆ ಕೊಡಬಹುದೇ ಎಂದು ಕೇಳಿದ. ಕೈ ಎತ್ತಬೇಕೆಂದು ನೆನೆದರೂ ಸಾಕು, ಚಲನೆಯ ಕೇಂದ್ರದ ಮೇಲೆ ಸೆಕೆಂಡಿಗೆ 8ರಿಂದ 13 ಸಲ ಮಿಡಿಯುವ ಲಯ ಕುಗ್ಗುತ್ತದೆ. ತಲೆಗೆ ತೊಡಿಸಿದ ಇಇಜಿ ಟೋಪಿ ಆ ಕುಗ್ಗುವಿಕೆಯನ್ನು ಹಿಡಿಯಬಲ್ಲದು.

ಈ ಎರಡು ಓಣಿಗಳು ಕೂಡಿದ ಪ್ರಯೋಗಗಳಲ್ಲಿ ಟ್ಯೂಬಿಂಗೆನ್‌ನಲ್ಲಿ ನೀಲ್ಸ್ ಬಿರ್ಬಾವ್ಮರ್ ತಂಡ ನಡೆಸಿ 2013ರಲ್ಲಿ ಪ್ರಕಟಿಸಿದ್ದು ಬಹಳ ಜಾಣತನದ್ದು. 32 ರೋಗಿಗಳು, ಎಲ್ಲರಿಗೂ ಅದೇ ಯಂತ್ರ, ಅದೇ ಫಿಸಿಯೊಥೆರಪಿ. ಒಂದು ಗುಂಪಿನವರ ಕೈಯನ್ನು ಯಂತ್ರ ಆಡಿಸಿದ್ದು ಮಿದುಳು ‘ಆಡಲಿ’ ಎಂದಾಗ. ಇನ್ನೊಂದು ಗುಂಪಿನಲ್ಲಿ ಮಿದುಳಿಗೂ ಯಂತ್ರಕ್ಕೂ ಸಂಬಂಧವೇ ಇರಲಿಲ್ಲ, ಮನಬಂದಂತೆ ಆಡಿತು. ಗುಣ ಕಂಡದ್ದು ಮೊದಲ ಗುಂಪಿಗೆ ಮಾತ್ರ. ಕೈಯ ಚಲನೆಯ ಅಳತೆಯಲ್ಲಿ ಹೆಚ್ಚಳ ಸುಮಾರು 3.4 ಅಂಕ, ದೊಡ್ಡದೇನಲ್ಲ. ಆದರೂ ಯಂತ್ರದ ಬಲಕ್ಕಿಂತ ಇಚ್ಛೆ ಮತ್ತು ಚಲನೆ ಒಂದೇ ಗಳಿಗೆಯಲ್ಲಿ ಕೂಡುವುದು ಮುಖ್ಯ ಎಂಬ ಮಾತಿಗೆ ಆಧಾರ ಸಿಕ್ಕಿತು.

2021ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎಯ ಒಪ್ಪಿಗೆ ಪಡೆದ ‘ಇಪ್ಸಿಹ್ಯಾಂಡ್’ ಎಂಬ ಯಂತ್ರ ಒಂದು ತಮಾಷೆಯ ತಿರುವು ಕೊಟ್ಟಿತು. ಎಡಗೈಯನ್ನು ಆಳುವುದು ಬಲ ಮಿದುಳು ಎಂಬುದು ಶಾಲೆಯ ಪಾಠ. ಇದು ಪೆಟ್ಟು ತಿನ್ನದ ಅರ್ಧದಿಂದ, ಅಂದರೆ ಸೋತ ಕೈಯ ಬದಿಯಿಂದಲೇ ಸಂಕೇತ ಪಡೆದು ಬೆರಳುಗಳನ್ನು ತೆರೆಸುತ್ತದೆ.

ಭಾರತದಲ್ಲಿ ಐಐಟಿ ಕಾನ್ಪುರದ ಆಶಿಶ್ ದತ್ತ ತಂಡ ಬ್ರಿಟನ್ನಿನ ಅಲ್‌ಸ್ಟರ್ ವಿಶ್ವವಿದ್ಯಾಲಯದ ಜೊತೆಗೂಡಿ ಮಿದುಳಿನ ಅಲೆ ಓದುವ ಕೈಕವಚವೊಂದನ್ನು ಮಾಡಿದೆ. ಮೊದಲ ಪರೀಕ್ಷೆ ಎರಡೂ ದೇಶಗಳ ಒಟ್ಟು 8 ರೋಗಿಗಳ ಮೇಲೆ. ಆಸೆಗೆ ಸಾಕಾಗುವ ಸಂಖ್ಯೆ, ತೀರ್ಪಿಗೆ ಸಾಲದು.

ಇಲ್ಲಿಯ ಪ್ರಶ್ನೆಯೂ ಬೇರೆ. ಬ್ರಿಟನ್ನಿನಲ್ಲಿ ರೋಬಾಟನ್ನು ತೂಗಿ ನೋಡಿದ್ದು ಥೆರಪಿಸ್ಟರೆದುರು. ಯಾದಗಿರಿಯ ಹಳ್ಳಿಯಿಂದ ದಿನಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರಲಾಗದವನಿಗೆ ಎದುರಿರುವುದು ಏನೂ ಇಲ್ಲದ ಸ್ಥಿತಿ. ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸ್ ರೂಪಿಸಿದ ‘ಪ್ಲೂಟೊ’ ಯಂತ್ರದ ಹಿಂದಿನ ಯೋಚನೆ ಇಂಥ ಊರುಗಳನ್ನು ನೆನೆದರೆ ಅರ್ಥವಾಗುತ್ತದೆ: ಮೇಜಿನ ಮೇಲೆ ಕೂರುವ ಗಾತ್ರ, ಒಂದೇ ಮೋಟಾರು, ಮಣಿಕಟ್ಟಿಗೊಂದು ಬೆರಳಿಗೊಂದು ಎಂದು ಬದಲಿಸಿ ಕೂಡಿಸುವ ಹಿಡಿಕೆಗಳು.